‘ಶಾರ್ಟ್ ಆಗಿದೆ’ ಅಂದರೆ ಏನಾಗಿದೆ?

ಕಳೆದ ವಾರ ಮತ್ತೆ ಕೇಳಿದೆ. ಪರಿಚಯದವರೊಬ್ಬರ ಕಾರಿನಲ್ಲಿ ಬ್ಲೈಂಡ್ ಸ್ಪಾಟ್ ಎಚ್ಚರಿಕೆ (ಚಾಲಕನ ಕಣ್ಣಿಗೆ ಬೀಳದ ಮಗ್ಗುಲಲ್ಲಿ ಗಾಡಿ ಬಂದರೆ ತಿಳಿಸುವ ವ್ಯವಸ್ಥೆ) ಕೈಕೊಟ್ಟಿತ್ತು. ಪಕ್ಕದಲ್ಲಿ ಗಾಡಿ ಬಂದರೂ ಎಡಗಡೆ ಕನ್ನಡಿಯ ಹಳದಿ ದೀಪ ಹತ್ತುತ್ತಿರಲಿಲ್ಲ. ‘ಸಿಸ್ಟಂ ಲಭ್ಯವಿಲ್ಲ’ ಅಂತ ಡ್ಯಾಶ್‌ಬೋರ್ಡ್ ಮೇಲೆ ಸಂದೇಶ ಬೇರೆ. ಗಾಡಿ ನೋಡಿದ ಮೆಕ್ಯಾನಿಕ್ ಬಂಪರ್ ಕೂಡ ಬಿಚ್ಚದೆ ತೀರ್ಪು ಕೊಟ್ಟುಬಿಟ್ಟರು: ‘ಎಲ್ಲೋ ಶಾರ್ಟ್ ಆಗಿದೆ ಸಾರ್, ಸೆನ್ಸರ್ ಹೋಗಿದೆ.’

ಫ್ಯೂಸ್ ಸರಿಯಾಗಿಯೇ ಇತ್ತು. ಸುಟ್ಟ ವಾಸನೆ ಇರಲಿಲ್ಲ. ಬ್ಯಾಟರಿ ಇಳಿದಿರಲಿಲ್ಲ. ಆದರೂ ಶಾರ್ಟ್!

ಕರೆಂಟಿಗೆ ಸಂಬಂಧಪಟ್ಟ ಏನು ಕೆಟ್ಟರೂ ನಮ್ಮಲ್ಲಿ ಅದಕ್ಕೆ ಒಂದೇ ಹೆಸರು. ತಂತಿ ತುಂಡಾದರೂ ಶಾರ್ಟ್, ಪಿನ್ ತುಕ್ಕು ಹಿಡಿದರೂ ಶಾರ್ಟ್, ಬಲ್ಬ್ ಹೋದರೂ ಶಾರ್ಟ್. ಹೊಟ್ಟೆನೋವು, ತಲೆನೋವು, ಕಾಲುನೋವು ಎಲ್ಲಕ್ಕೂ ‘ಜ್ವರ’ ಅಂದ ಹಾಗೆ. ಸುಮ್ನೆ ಮಾತಿಗೆ ಅಂದರೆ ನನ್ನದೇನೂ ತಕರಾರಿಲ್ಲ. ಆದರೆ ದೋಷ ಹುಡುಕುವವರ ಬಾಯಲ್ಲಿ ಈ ಪದ ತಪ್ಪಿದರೆ ಹುಡುಕುವ ಜಾಗವೇ ತಪ್ಪುತ್ತದೆ. ಕೊನೆಗೆ ಏನೂ ತಪ್ಪು ಮಾಡದ ಸೆನ್ಸರ್ ಬದಲಾಗುತ್ತದೆ.

ಪದದಿಂದಲೇ ಶುರು ಮಾಡೋಣ. ‘ಸರ್ಕ್ಯೂಟ್’ ಬಂದದ್ದು ಲ್ಯಾಟಿನ್‌ನಿಂದ. ‘ಸರ್ಕುಮ್’ ಅಂದರೆ ಸುತ್ತ, ‘ಇರೆ’ ಅಂದರೆ ಹೋಗು. ಸುತ್ತಿಕೊಂಡು ಹೋಗಿ ಹೊರಟ ಕಡೆಗೇ ಬರುವುದು ಸರ್ಕ್ಯೂಟ್. ನಮ್ಮ ಶಾಲಾ ಪುಸ್ತಕಗಳು ಇದನ್ನು ‘ಮಂಡಲ’ ಅನ್ನುತ್ತವೆ. ಒಳ್ಳೆಯ ಪದ, ಅದರಲ್ಲೂ ಸುತ್ತು ಇದೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಫ್ಯೂಸ್ ದಾಟಿ, ದೀಪವನ್ನೋ ಸೆನ್ಸರನ್ನೋ ಹಾದು, ಗಾಡಿಯ ಲೋಹದ ಬಾಡಿ ಮೂಲಕ ಮೈನಸ್‌ಗೆ ಮರಳಬೇಕು. ಪೂರ್ತಿ ಸುತ್ತು ಬಂದರೇ ಕೆಲಸ.

ಶಾರ್ಟ್ ಸರ್ಕ್ಯೂಟ್‌ಗೆ ಪುಸ್ತಕದ ಕನ್ನಡ ‘ಹ್ರಸ್ವಮಂಡಲ’. ವ್ಯಾಕರಣದ ಪಾಠದಲ್ಲಿ ಹ್ರಸ್ವ, ದೀರ್ಘ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಹ್ರಸ್ವ. ಪದ ಸರಿಯಾಗಿಯೇ ಇದೆ, ಆದರೆ ಕೇಳಿದ ತಕ್ಷಣ ತಂತಿ ಗಿಡ್ಡವಾಯಿತೇನೋ ಅನ್ನಿಸುತ್ತದೆ. ಇಲ್ಲಿ ಗಿಡ್ಡವಾಗುವುದು ತಂತಿಯಲ್ಲ, ಸುತ್ತು. ಕರೆಂಟ್ ಹಾದುಹೋಗಬೇಕಾದ ಕೆಲಸವನ್ನು ಬಿಟ್ಟು ಅಡ್ಡದಾರಿ ಹಿಡಿದು ಮನೆಗೆ ವಾಪಸ್ ಬರುತ್ತದೆ. ‘ಅಡ್ಡದಾರಿ’ ಅಂತ ಕರೆದಿದ್ದರೆ ಈ ಲೇಖನ ಬರೆಯುವ ಕೆಲಸವೇ ಇರುತ್ತಿರಲಿಲ್ಲವೇನೋ. ಅಡ್ಡದಾರಿ ಎರಡು ಬೆರಳಿನಷ್ಟು ಇರಬಹುದು, ಎರಡು ಮೀಟರ್ ಉದ್ದವೂ ಇರಬಹುದು. ಅದು ಲೆಕ್ಕಕ್ಕಿಲ್ಲ. ಹೋಗಬಾರದ ಕಡೆ ದಾರಿ ಸಿಕ್ಕಿತೇ ಅನ್ನುವುದಷ್ಟೇ ಲೆಕ್ಕ.

ಗಾಣದ ಎತ್ತನ್ನು ನೆನೆಸಿಕೊಳ್ಳಿ. ಭಾರ ಎಳೆಯುತ್ತಾ ನಿಧಾನಕ್ಕೆ ಸುತ್ತುತ್ತಿರುತ್ತದೆ. ಗಾಣದಿಂದ ಅದನ್ನು ಕಳಚಿದರೆ? ನಿಲ್ಲುವುದಿಲ್ಲ, ಓಟ ಕೀಳುತ್ತದೆ. ಶಾರ್ಟ್‌ನಲ್ಲಿ ಆಗುವುದೂ ಅದೇ. 12 ಓಮ್ ಪ್ರತಿರೋಧದ ದೀಪಕ್ಕೆ 12 ವೋಲ್ಟ್ ಕೊಟ್ಟರೆ 1 ಆಂಪಿಯರ್ ಹರಿಯುತ್ತದೆ. ದೀಪ ತಪ್ಪಿಸಿ ತಂತಿ ನೇರ ಬಾಡಿಗೆ ತಾಗಿತು ಅನ್ನಿ. ದಾರಿಯ ಪ್ರತಿರೋಧ 0.05 ಓಮ್ ಇದ್ದರೆ ಕಾಗದದ ಲೆಕ್ಕದಲ್ಲಿ 240 ಆಂಪಿಯರ್. ಅದಕ್ಕೇ ಫ್ಯೂಸ್ ಇರುವುದು. ಅಲ್ಲಿರುವ 10 ಆಂಪಿಯರ್‌ನ ಕೆಂಪು ಫ್ಯೂಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿ ದಾರಿ ಕಡಿಯುತ್ತದೆ. ಅದರ ಜಾಗಕ್ಕೆ 20ರ ಹಳದಿ ಫ್ಯೂಸ್ ಹಾಕಿ ‘ಈಗ ಹೋಗಲ್ಲ ಬಿಡಿ’ ಅನ್ನುವ ಬುದ್ಧಿವಂತರೂ ಇದ್ದಾರೆ. ಹೌದು, ಫ್ಯೂಸ್ ಹೋಗುವುದಿಲ್ಲ. ತಂತಿ ಹೋಗುತ್ತದೆ.

ಹಾಗಾಗಿ ಕರೆಂಟ್ ಪೂರೈಸುವ ತಂತಿಯಲ್ಲಿ ಶಾರ್ಟ್ ಆಗಿದ್ದರೆ ಅದು ಬಚ್ಚಿಟ್ಟುಕೊಳ್ಳುವ ಪೈಕಿಯಲ್ಲ. ಫ್ಯೂಸ್ ಸುಟ್ಟಿರಲೇಬೇಕು. ಫ್ಯೂಸ್ ಸರಿಯಿದ್ದು ಸೆನ್ಸರ್ ಮಾತ್ರ ಸತ್ತಂತಿದೆ ಅಂದರೆ, ಕರೆಂಟ್ ಬೇಡದ ಕಡೆ ಹೋಗುತ್ತಿಲ್ಲ, ಬೇಕಾದ ಕಡೆಗೆ ಬರುತ್ತಿಲ್ಲ. ಅದು ಶಾರ್ಟ್‌ನ ತೀರಾ ವಿರುದ್ಧ.

ಆ ವಿರುದ್ಧದ ಹೆಸರು ‘ಓಪನ್’. ಇಲ್ಲಿ ಇನ್ನೊಂದು ಎಡವಟ್ಟು. ರಸ್ತೆ ಓಪನ್ ಆಗಿದೆ ಅಂದರೆ ನಾವು ಗಾಡಿ ತೆಗೆದುಕೊಂಡು ಹೊರಡುತ್ತೇವೆ. ಸರ್ಕ್ಯೂಟ್ ಓಪನ್ ಆಗಿದೆ ಅಂದರೆ ಕರೆಂಟ್ ಹೊರಡುವುದೇ ಇಲ್ಲ. ಸುತ್ತು ಬಾಯಿ ಬಿಟ್ಟುಕೊಂಡಿದೆ ಅನ್ನುವ ಅರ್ಥದಲ್ಲಿ ಅದು ಓಪನ್. ಪಾಪ, ಕೇಳಿದವರಿಗೆ ಗೊಂದಲವಾಗುವುದು ಸಹಜ. ಆದರೆ ನಮ್ಮ ಮೆಕ್ಯಾನಿಕ್‌ಗಳ ಹತ್ತಿರ ಇದಕ್ಕೆ ಚೊಕ್ಕವಾದ ಮಾತು ಮೊದಲಿನಿಂದಲೂ ಇದೆ: ‘ವೈರ್ ಕಟ್ ಆಗಿದೆ.’ ಅಷ್ಟೇ. ಬಾಡಿಗೆ ತಾಗಿದ್ದರೆ ‘ಅರ್ತ್ ಆಗಿದೆ’. ಅರ್ಧ ತಾಗಿ ಅರ್ಧ ಬಿಟ್ಟಿದ್ದರೆ ‘ಲೂಸ್ ಕಾಂಟ್ಯಾಕ್ಟ್’. ಇಷ್ಟೆಲ್ಲ ಪದಗಳನ್ನು ಜೇಬಿನಲ್ಲಿಟ್ಟುಕೊಂಡು ಶಾರ್ಟ್ ಒಂದನ್ನೇ ಸವೆಸುವುದೇಕೆ ಅಂತ ನನ್ನ ಗೋಳು.

‘ಅರ್ತ್’ ಬಗ್ಗೆಯೂ ಒಂದು ಮಾತು. ಕಾರಿನ ಅರ್ತ್‌ಗೂ ಭೂಮಿಗೂ ಸಂಬಂಧವಿಲ್ಲ. ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ. ಬ್ಯಾಟರಿಯ ಮೈನಸ್ಸನ್ನು ಕಬ್ಬಿಣದ ಬಾಡಿಗೆ ಜೋಡಿಸಿರುತ್ತಾರೆ, ಬಾಡಿಯೇ ವಾಪಸ್ ಬರುವ ದಾರಿ. ಮನೆ ವೈರಿಂಗ್‌ನ ಹೆಸರು ಇಲ್ಲಿಗೂ ಬಂದು ಕೂತಿದೆ. ಇರಲಿ, ಈ ಬಳಕೆಯಿಂದ ಯಾರ ಸೆನ್ಸರೂ ಸುಮ್ಮನೆ ಬದಲಾಗುವುದಿಲ್ಲ.

ಈಗ ಆ ಕಾರಿಗೆ ಬರೋಣ. ಈ ವ್ಯವಸ್ಥೆಯ ಸೆನ್ಸರ್‌ಗಳು ಹೆಚ್ಚಿನ ಕಾರುಗಳಲ್ಲಿ ಹಿಂದಿನ ಬಂಪರ್‌ನ ಎರಡು ಮೂಲೆಗಳ ಒಳಗೆ ಕೂತಿರುತ್ತವೆ. ಅವು ಪುಟ್ಟ ರಾಡಾರ್‌ಗಳು.  ಕೆಸರು, ನೀರು, ಹಿಂದೆ ಬಂದವರ ಗುದ್ದು, ಎಲ್ಲ ಮೊದಲು ತಾಗುವುದು ಆ ಮೂಲೆಗೇ. ಬಂಪರ್ ಇಳಿಸಿ ಎಡಗಡೆಯ ಸೆನ್ಸರಿನ ಕಪ್ಲರ್ (ತಂತಿಗಳನ್ನು ಸೇರಿಸುವ ಪ್ಲಗ್) ಬಿಚ್ಚಿದಾಗ ಒಳಗಿನ ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿತ್ತು. ಹಿಂದೆ ಯಾವಾಗಲೋ ಬಂಪರ್ ತೆಗೆದು ಹಾಕಿದವರ ಕೈಗುಣ. ಅಲ್ಲಿಂದ ನೀರು ಇಳಿದಿದೆ. ಕರೆಂಟ್ ಬರುವ ಪಿನ್‌ನ ಸುತ್ತ ಹಸಿರು ಪುಡಿ, ತಾಮ್ರದ ಪಾತ್ರೆ ಕಿಲುಬು ಹಿಡಿದ ಹಾಗೆ.

ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್. ನೋಡುತ್ತಿದ್ದವರು ‘ಕರೆಂಟ್ ಬರ್ತಿದೆಯಲ್ಲ, ಹಾಗಾದ್ರೆ ಸೆನ್ಸರೇ’ ಅಂದರು. ಎಡವುವುದು ಇಲ್ಲೇ. ಮೀಟರ್ ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆಯೇ ತಪ್ಪು. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ಪ್ರತಿರೋಧ 10 ಮೆಗಾ ಓಮ್‌ನಷ್ಟಿರುತ್ತದೆ. ಅದು ತಂತಿಯಿಂದ ಎಳೆದುಕೊಳ್ಳುವ ಕರೆಂಟ್ ಒಂದು ಮೈಕ್ರೋ ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನು ಸಾಗಿಸಲು ಕೂದಲಿನಂಥ ಒಂದು ಎಳೆ ಸಾಕು, ಕಿಲುಬು ಹಿಡಿದ ಪಿನ್ ಕೂಡ ಸಾಕು. ಸೆನ್ಸರ್‌ಗೆ ಬೇಕಾಗುವುದು ಅದರ ಲಕ್ಷಾಂತರ ಪಟ್ಟು.

ಆಮೇಲೆ ಮೀಟರ್ ಜೊತೆಗೆ ನಂಬರ್ ಪ್ಲೇಟಿನ 5 ವ್ಯಾಟ್ ಬಲ್ಬ್ ಒಂದನ್ನು ಅದೇ ಪಿನ್‌ಗೂ ಬಾಡಿಗೂ ಸೇರಿಸಿದೆ. ಬಲ್ಬ್ ಮಂಕಾಗಿ ಹತ್ತಿತು, ಮೀಟರ್ 12.4ರಿಂದ ಜಾರಿ 7ರ ಹತ್ತಿರ ನಿಂತಿತು. ಮಿಕ್ಕ ಐದು ಚಿಲ್ಲರೆ ವೋಲ್ಟ್ ಎಲ್ಲಿ ಹೋಯಿತು? ಆ ಹಸಿರು ಪುಡಿ ತಿಂದಿತು. ಇದಕ್ಕೆ ‘ವೋಲ್ಟೇಜ್ ಡ್ರಾಪ್’ ಅನ್ನುತ್ತಾರೆ. ತಂತಿ ತುಂಡಾಗಿಲ್ಲ, ಎಲ್ಲಿಗೂ ತಾಗಿಲ್ಲ, ದಾರಿ ಕಿರಿದಾಗಿದೆ. ಕಟ್ಟೂ ಅಲ್ಲ, ಶಾರ್ಟೂ ಅಲ್ಲ. ಮೀಟರಿನ ‘ಬೀಪ್’ ನಂಬಿದರೂ ಇದೇ ಗತಿ. ಇಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಖುಷಿಯಾಗಿ ಕೂಗುತ್ತದೆ. ದಾರಿ ಇದೆಯೇ ಅಂತ ಬೀಪ್ ಹೇಳುತ್ತದೆ, ಭಾರ ತಡೆಯುತ್ತದೆಯೇ ಅಂತ ಹೇಳುವುದು ಬಲ್ಬ್. ಅರ್ತ್ ಕಡೆಯನ್ನೂ ಹೀಗೇ ನೋಡಬೇಕು, ಅಲ್ಲಿನ ಬೋಲ್ಟ್ ತುಕ್ಕು ಹಿಡಿದರೂ ಲಕ್ಷಣ ಇದೇ.

ಪಿನ್ ಬದಲಿಸಿ ಹೊಸ ಸೀಲ್ ಕೂರಿಸಿದ ಮೇಲೆ ಅದೇ ಬಲ್ಬ್ ಹಾಕಿದರೆ ಮೀಟರ್ 12.3. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಹಳೆಯ ಕೋಡ್ ಅಳಿಸಿ ಓಡಿಸಿದಾಗ ಕನ್ನಡಿಯ ದೀಪ ಹತ್ತಿತು. ಸೆನ್ಸರ್ ಹಳೆಯದೇ.

ಹಾಗಂತ ಈ ವ್ಯವಸ್ಥೆಯಲ್ಲಿ ನಿಜವಾದ ಶಾರ್ಟ್ ಆಗುವುದೇ ಇಲ್ಲ ಅಂತಲ್ಲ. ಬಾಡಿಯಿಂದ ಬಾಗಿಲಿಗೆ ತಂತಿಗಳು ಹೋಗುವ ರಬ್ಬರ್ ಕೊಳವೆ ಇದೆಯಲ್ಲ, ಕನ್ನಡಿಯ ದೀಪದ ತಂತಿಯೂ ಅದರೊಳಗೇ ಹೋಗುತ್ತದೆ. ಬಾಗಿಲು ತೆರೆದಾಗಲೆಲ್ಲ ಅದು ಮಡಚುತ್ತದೆ. ವರ್ಷಗಳಾದ ಮೇಲೆ ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದು ಒಳಗಿನ ತಾಮ್ರ ಮುರಿದಿರುತ್ತದೆ. ಬಾಗಿಲು ತೆರೆದಾಗ ದೀಪ ಸರಿ, ಮುಚ್ಚಿದರೆ ಇಲ್ಲ. ಇದು ಕಟ್. ಅದೇ ಜಾಗದಲ್ಲಿ ಪ್ಲಾಸ್ಟಿಕ್ ಸವೆದು ತಾಮ್ರ ಬಾಡಿಗೆ ತಾಗಿದರೆ ಅದು ಶಾರ್ಟ್.

ಆ ಶಾರ್ಟ್ ಕೂಡ ದೀಪ ಆರಿಸಲೇಬೇಕು ಅಂತಿಲ್ಲ. ಕೆಲವು ದೀಪಗಳಿಗೆ ಪ್ಲಸ್ ಯಾವಾಗಲೂ ಇರುತ್ತದೆ, ಕಂಪ್ಯೂಟರ್ ಅರ್ತ್ ಕಡೆಯನ್ನು ಜೋಡಿಸಿ ಹತ್ತಿಸುತ್ತದೆ. ಅಲ್ಲಿ ಅರ್ತ್ ಕಡೆಯ ತಂತಿ ಬಾಡಿಗೆ ತಾಗಿದರೆ ದೀಪ ಆರುವುದೇ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಉರಿಯುತ್ತಲೇ ಇರುತ್ತದೆ. ಫ್ಯೂಸೂ ಹೋಗುವುದಿಲ್ಲ, ಯಾಕೆಂದರೆ ದೀಪದ ಪ್ರತಿರೋಧ ದಾರಿಯಲ್ಲಿ ಇದ್ದೇ ಇದೆ. ಕಂಪ್ಯೂಟರ್ ಪ್ಲಸ್ ಕೊಟ್ಟು ಹತ್ತಿಸುವ ದೀಪವಾದರೆ, ಆ ತಂತಿಗೆ ಇನ್ನೊಂದು ಪ್ಲಸ್ ತಂತಿ ತಾಗಿದರೂ ಇದೇ ಕಥೆ.

ತಮಾಷೆ ಏನೆಂದರೆ, ನಾವು ಕಲಸಿಬಿಡುವ ಈ ಪದಗಳನ್ನು ಸ್ಕ್ಯಾನರ್ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಅನೇಕ ಕಾರುಗಳಲ್ಲಿ ದೋಷದ ಕೋಡ್ ಆದಮೇಲೆ ಒಂದು ಗೀಟು ಎಳೆದು ಇನ್ನೆರಡು ಅಂಕಿ ಬರೆದಿರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. 11 ಅಂದರೆ ಅರ್ತ್‌ಗೆ ಶಾರ್ಟ್. 12 ಅಂದರೆ ಬ್ಯಾಟರಿ ಪ್ಲಸ್‌ಗೆ ಶಾರ್ಟ್. 13 ಅಂದರೆ ಕಟ್. ಇಷ್ಟು ಬಿಡಿಸಿ ಹೇಳಿದ ಮೇಲೂ ‘ಶಾರ್ಟ್ ಕೋಡ್ ಬಂದಿದೆ’ ಅಂದರೆ ಏನು ಹೇಳೋಣ?

14 ಮಾತ್ರ ಸ್ವಾರಸ್ಯದ್ದು: ‘ಅರ್ತ್‌ಗೆ ಶಾರ್ಟ್ ಅಥವಾ ಕಟ್’. ಕಂಪ್ಯೂಟರ್‌ಗೇ ಅನುಮಾನ. ಕೆಲವು ಸಿಗ್ನಲ್ ತಂತಿಗಳಲ್ಲಿ ಏನೂ ಬರದಿದ್ದಾಗ ಸೊನ್ನೆ ಕಾಣಲಿ ಅಂತ ಒಳಗೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ತಂತಿ ತುಂಡಾದರೂ ಸೊನ್ನೆ, ಬಾಡಿಗೆ ತಾಗಿದರೂ ಸೊನ್ನೆ. ಕಂಪ್ಯೂಟರ್ ಕೂತ ಜಾಗದಿಂದ ಎರಡೂ ಒಂದೇ ಥರ. ಅದು ಪ್ರಾಮಾಣಿಕವಾಗಿ ‘ಇದೋ ಅದೋ’ ಅನ್ನುತ್ತದೆ. ಎರಡು ತುದಿಯ ಕಪ್ಲರ್ ಬಿಚ್ಚಿ, ಆ ತಂತಿಗೂ ಬಾಡಿಗೂ ಮೀಟರ್ ಹಿಡಿದರೆ ಅನುಮಾನ ತೀರುತ್ತದೆ. ಬೀಪ್ ಬಂದರೆ ತಾಗಿದೆ. ಬರದಿದ್ದರೆ ತಂತಿಯ ಈ ತುದಿಯಿಂದ ಆ ತುದಿಗೆ ಹಿಡಿದು ನೋಡಿ. ಈ ಒಂದು ಕೆಲಸಕ್ಕೆ ಬೀಪ್ ಒಳ್ಳೆಯದೇ.

‘ಯು’ ಅಕ್ಷರದಿಂದ ಶುರುವಾಗುವ ಕೋಡ್ ಬಂದರೆ ವಿಷಯ ಬೇರೆ. ಅದು ಒಂದು ಕಂಪ್ಯೂಟರ್ ಇನ್ನೊಂದರ ಮಾತು ಕೇಳಿಸುತ್ತಿಲ್ಲ ಅಂತ ಕೊಡುವ ದೂರು. ರಾಡಾರ್‌ಗಳು ಮಾತಾಡುವುದು ಸಾಮಾನ್ಯವಾಗಿ ಕ್ಯಾನ್ ಬಸ್‌ನ (ಗಾಡಿಯ ಕಂಪ್ಯೂಟರ್‌ಗಳು ಹಂಚಿಕೊಳ್ಳುವ ಮಾತಿನ ಸಾಲು) ಎರಡು ಹೆಣೆದ ತಂತಿಗಳ ಮೇಲೆ. ಬಸ್‌ನ ಎರಡು ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಅಳೆದರೆ, ಎರಡು ರೆಸಿಸ್ಟರ್ ಸಮಾಂತರವಾಗಿರುವುದರಿಂದ ಅರ್ಧ, ಅಂದರೆ 60 ಓಮ್ ಸುತ್ತಮುತ್ತ ಬರಬೇಕು. 120 ಬಂದರೆ ಒಂದು ತುದಿ ಸಿಗುತ್ತಿಲ್ಲ, ಅಂದರೆ ಕಟ್. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಒಂದಕ್ಕೊಂದು ತಾಗಿವೆ. ಆಗ ಆ ಬಸ್ ಮೇಲಿನ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅದನ್ನು ಶಾರ್ಟ್ ಅನ್ನಿ, ಬೇಡ ಅನ್ನುವುದಿಲ್ಲ. 60 ಬಂದರೂ ರಾಡಾರ್ ಸುಮ್ಮನಿದ್ದರೆ, ಮುಖ್ಯ ಸಾಲಿನಿಂದ ಅದಕ್ಕೆ ಒಡೆದುಹೋಗುವ ಕವಲು ತಂತಿಯನ್ನು ನೋಡಿ. ಅದಕ್ಕೂ ಮೊದಲು ಅದಕ್ಕೆ ಕರೆಂಟ್, ಅರ್ತ್ ಬರುತ್ತಿದೆಯೇ ನೋಡಿ. ಊಟ ಸಿಗದವನು ಮಾತಾಡುವುದಾದರೂ ಹೇಗೆ?

ಇನ್ನು ತಂತಿಗೆ ಸಂಬಂಧವೇ ಇಲ್ಲದವು. ಬಂಪರ್ ಮೂಲೆಗೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ, ಲೋಹದ ಸ್ಟಿಕ್ಕರ್ ಅಂಟಿಸಿದ್ದರೆ, ಗುದ್ದಿಸಿಕೊಂಡ ಮೇಲೆ ಸೆನ್ಸರಿನ ಬ್ರಾಕೆಟ್ ಸೊಟ್ಟಗಾಗಿದ್ದರೆ ರಾಡಾರ್‌ಗೆ ಸರಿಯಾಗಿ ಕಾಣುವುದಿಲ್ಲ. ಜೋರು ಮಳೆಯಲ್ಲೂ ಕೆಲವು ಕಾರುಗಳು ಸ್ವಲ್ಪ ಹೊತ್ತು ‘ಲಭ್ಯವಿಲ್ಲ’ ಅನ್ನುತ್ತವೆ. ಮೂಲೆಯಲ್ಲಿ ಒಣಗಿ ಗಟ್ಟಿಯಾದ ಕೆಸರಿಗೂ ‘ಶಾರ್ಟ್’ ಅಂದವರನ್ನು ನೋಡಿದ್ದೇನೆ. ಒಂದು ಬಕೆಟ್ ನೀರು ಹಾಕಿ ಉಜ್ಜಿದೆವು, ಸಂದೇಶ ಹೋಯಿತು.