ಭೌಗೋಳಿಕ ಸೂಚಕ: ಊರಿನ ಹೆಸರಿನ ಮೇಲೆ ಯಾರಿಗೆ ಹಕ್ಕು?

ಜಿಐ, ಅಂದರೆ ಜಿಯೊಗ್ರಾಫಿಕಲ್ ಇಂಡಿಕೇಷನ್ ಎಂಬುದನ್ನು ಪತ್ರಿಕೆಗಳಲ್ಲಿ ‘ಭೌಗೋಳಿಕ ಸೂಚ್ಯಂಕ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಆದರೆ ಈ ಪದ ಸರಿಯಲ್ಲ. ಸೂಚ್ಯಂಕ ಎಂದರೆ ಅಂಕಿ: ಬೆಲೆ ಸೂಚ್ಯಂಕ, ಷೇರುಪೇಟೆಯ ಸೂಚ್ಯಂಕ. ಜಿಐ ಅಂಕಿಯಲ್ಲ, ಹೆಸರು. ಒಂದು ಸರಕು ಯಾವ ನೆಲದ್ದು ಎಂದು ಸೂಚಿಸುವ ಹೆಸರು ಅಥವಾ ಗುರುತು. ಆದ್ದರಿಂದ ‘ಭೌಗೋಳಿಕ ಸೂಚಕ’ ಎನ್ನುವುದೇ ಸರಿ. ಇದು ಬರೀ ವ್ಯಾಕರಣದ ತಕರಾರಲ್ಲ. ಸೂಚ್ಯಂಕ ಎಂದು ಓದಿದವರು ಅದನ್ನು ರ‍್ಯಾಂಕು, ಪ್ರಶಸ್ತಿ ಎಂದು ಭಾವಿಸುತ್ತಾರೆ. ‘ನಮ್ಮ ಊರಿಗೆ ಜಿಐ ಸಿಕ್ಕಿತು’ ಎಂದು ಸಿಹಿ ಹಂಚಿ ಸುಮ್ಮನಾಗುತ್ತಾರೆ. ನಿಜವಾದ ಕೆಲಸ ಅಲ್ಲಿಂದ ಮುಂದೆ ಶುರುವಾಗುತ್ತದೆ.

ಈ ಹಕ್ಕಿಗೆ ಆಧಾರ 1999ರ ಭೌಗೋಳಿಕ ಸೂಚಕ ಕಾಯ್ದೆ. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಇಡೀ ದೇಶಕ್ಕೆ ಒಂದೇ ನೋಂದಣಿ ಕಚೇರಿ, ಅದು ಚೆನ್ನೈಯಲ್ಲಿದೆ. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಬೆಳೆ, ನಿಸರ್ಗದತ್ತ ವಸ್ತು, ತಯಾರಿಸಿದ ಸರಕು, ಈ ಮೂರೂ ಇದರ ವ್ಯಾಪ್ತಿಗೆ ಬರುತ್ತವೆ. ಆ ಸರಕಿನ ಗುಣಕ್ಕೋ ಹೆಸರುವಾಸಿಗೋ ಮುಖ್ಯ ಕಾರಣ ಆ ನೆಲವೇ ಆಗಿರಬೇಕು. ತಯಾರಿಸಿದ ಸರಕಾದರೆ ಉತ್ಪಾದನೆ, ಸಂಸ್ಕರಣೆ, ತಯಾರಿಕೆ ಈ ಪೈಕಿ ಒಂದಾದರೂ ಅದೇ ಪ್ರದೇಶದಲ್ಲಿ ನಡೆಯಬೇಕು. ಈ ಮಾತನ್ನು ನೆನಪಿಡಿ, ಬೆಣ್ಣೆ ದೋಸೆಗೆ ಬಂದಾಗ ಬೇಕಾಗುತ್ತದೆ.

ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯದು. ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಜಿಐ ಹಾಗಲ್ಲ. ಸೆಕ್ಷನ್ 24ರ ಪ್ರಕಾರ ಅದನ್ನು ಮಾರುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ, ಅಡ ಇಡುವಂತಿಲ್ಲ. ಅರ್ಜಿಯನ್ನೂ ಒಬ್ಬ ವ್ಯಕ್ತಿ ತನಗಾಗಿ ಹಾಕಲಾಗದು. ಉತ್ಪಾದಕರ ಸಂಘ ಅಥವಾ ಅವರ ಹಿತ ನೋಡುವ ಸಂಸ್ಥೆಯೇ ಹಾಕಬೇಕು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಈ ನೋಂದಣಿ ಇದೆ. ಇಂಥ ಸರಕಿನ ಅರ್ಜಿಯಲ್ಲಿ ಊರಿನ ಹೊಗಳಿಕೆ ತುಂಬಿದರೆ ಉಪಯೋಗವಿಲ್ಲ. ಗಡಿ ತೋರಿಸುವ ನಕ್ಷೆ, ಸರಕಿನ ಲಕ್ಷಣ, ತಯಾರಿಸುವ ಕ್ರಮ, ಹಳೆಯ ದಾಖಲೆ, ಗುಣಮಟ್ಟ ಪರೀಕ್ಷಿಸುವವರು ಯಾರು ಎಂಬ ವಿವರ, ಇಷ್ಟೂ ಬೇಕು. ಲಕ್ಷಣದ ವಿವರಣೆ ಎಷ್ಟು ಖಚಿತವಾಗಿರಬೇಕು ಎನ್ನುವುದಕ್ಕೆ ರೇಷ್ಮೆ ಸೀರೆಯ ಅಂಚನ್ನೇ ನೋಡಿ. ಮೂರು ಲಾಳಿಯಲ್ಲಿ ನೇಯುವಾಗ ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು. ಒಡಲಿನ ಹೊಕ್ಕು ಎಳೆ (ಅಡ್ಡ ಎಳೆ) ಅಂಚಿನ ಹೊಕ್ಕು ಎಳೆಯನ್ನು ಸಂಧಿಯಲ್ಲಿ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಹಾಗಾಗಿ ಕೆಂಪು ಒಡಲಿನ ಪಕ್ಕದ ಹಸಿರು ಅಂಚು ಅಪ್ಪಟ ಹಸಿರಾಗಿಯೇ ಉಳಿಯುತ್ತದೆ. ಒಂದೇ ಲಾಳಿಯಲ್ಲಿ ನೇಯ್ದರೆ ಒಡಲಿನ ಕೆಂಪು ಎಳೆ ಅಂಚಿನೊಳಗೂ ಹಾದುಹೋಗಿ ಹಸಿರು ಮಾಸುತ್ತದೆ. ಸೀರೆ ಮಗುಚಿ ಸಂಧಿಯ ಮೇಲೆ ಬೆರಳಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ‘ಸುಂದರ ಅಂಚು’ ಎಂದು ಬರೆದ ಅರ್ಜಿಯಿಂದ ಯಾವ ನಕಲನ್ನೂ ಹಿಡಿಯಲಾಗದು. ‘ಅಂಚಿನ ಹೊಕ್ಕಿನಲ್ಲಿ ಒಡಲಿನ ಎಳೆ ಇರಬಾರದು’ ಎಂದು ಬರೆದರೆ ಹಿಡಿಯಬಹುದು.

ಅಂಗಡಿಯಲ್ಲಿ ಮೂರು ಗುರುತುಗಳನ್ನು ಬೆರೆಸಬೇಡಿ. ಸಿಲ್ಕ್ ಮಾರ್ಕ್ ಹೇಳುವುದು ಎಳೆ ಶುದ್ಧ ರೇಷ್ಮೆ ಎಂದಷ್ಟೇ. ಹ್ಯಾಂಡ್‌ಲೂಮ್ ಮಾರ್ಕ್ ಹೇಳುವುದು ಕೈಮಗ್ಗದ್ದು ಎಂದು. ಯಾವ ನೆಲದ್ದು ಎಂದು ಹೇಳುವುದು ಜಿಐ ಒಂದೇ. ಬೇರೆಲ್ಲೋ ಪವರ್‌ಲೂಮಿನಲ್ಲಿ ನೇಯ್ದ ಸೀರೆಗೂ ಸಿಲ್ಕ್ ಮಾರ್ಕ್ ಇರಬಹುದು. ಅದು ಸುಳ್ಳಲ್ಲ, ಆದರೆ ಅದರಿಂದ ಆ ಸೀರೆ ಮೊಳಕಾಲ್ಮೂರಿನದಾಗುವುದಿಲ್ಲ.

ಈಗ ಜಿಐ ಎಂಬ ಪದದ ತಿರುಳಿಗೆ ಬರೋಣ. ಸೆಕ್ಷನ್ 21ರಲ್ಲಿ ಹೆಸರನ್ನು ಬಳಸುವ ಏಕಮಾತ್ರ ಹಕ್ಕು ಇರುವುದು ‘ಅಧಿಕೃತ ಬಳಕೆದಾರ’ರಿಗೆ. ಅರ್ಜಿ ಹಾಕಿ ಜಿಐ ಪಡೆದ ಸಂಸ್ಥೆ ನೋಂದಾಯಿತ ಮಾಲೀಕ. ಮಗ್ಗದ ಮುಂದೆ ಕೂತವರು ತಾನೇತಾನಾಗಿ ಬಳಕೆದಾರರಾಗುವುದಿಲ್ಲ. ಪ್ರತಿಯೊಬ್ಬರೂ ಜಿಐ-3 ನಮೂನೆಯಲ್ಲಿ ಬೇರೆಯಾಗಿ ಅರ್ಜಿ ಹಾಕಿ ಹೆಸರು ಸೇರಿಸಿಕೊಳ್ಳಬೇಕು. 2020ರ ತಿದ್ದುಪಡಿಯಲ್ಲಿ ಇದರ ಶುಲ್ಕ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಯಿತು. ಹಣಕ್ಕಿಂತ ಹೆಚ್ಚಾಗಿ ಅರ್ಜಿ ನಿಲ್ಲುವುದು ಕಾಗದಪತ್ರದಲ್ಲಿ. ನೇಕಾರರ ಗುರುತಿನ ಚೀಟಿಯಲ್ಲೊಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮಗ್ಗ ಇರುವ ವಿಳಾಸ ನಕ್ಷೆಯ ಗಡಿಯೊಳಗಿದೆ ಎನ್ನಲು ದಾಖಲೆ ಇಲ್ಲ. ಮಗ್ಗ ಮಾಲೀಕರ ಹೆಸರಲ್ಲಿದ್ದು ನೇಯುವವರು ಕೂಲಿ ನೇಕಾರರು. ಈ ಕೊನೆಯದು ದೊಡ್ಡ ತೊಡಕು. ಕಾಯ್ದೆಯ ವ್ಯಾಖ್ಯೆಯಲ್ಲಿ ‘ಉತ್ಪಾದಕ’ ಎಂದರೆ ತಯಾರಿಸುವವರು ಮಾತ್ರವಲ್ಲ, ಆ ಸರಕಿನ ವ್ಯಾಪಾರ ಮಾಡುವವರೂ ಸೇರುತ್ತಾರೆ. ವ್ಯಾಪಾರಿ ಬಳಕೆದಾರನಾಗಿ ನೋಂದಾಯಿಸಿಕೊಂಡು, ನೇಕಾರ ಪಟ್ಟಿಯ ಹೊರಗೇ ಉಳಿಯುವುದಕ್ಕೆ ಕಾನೂನೇ ದಾರಿ ಬಿಟ್ಟಿದೆ. ತಿದ್ದಬೇಕಾದ ಮೊದಲ ಜಾಗ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ದೇಶದಲ್ಲಿ ನೋಂದಾಯಿತ ಜಿಐಗಳು 600 ದಾಟಿವೆ, 2030ರೊಳಗೆ 10,000 ಆಗಬೇಕೆಂದು ಕೇಂದ್ರ ಗುರಿ ಇಟ್ಟಿದೆ. ಜಿಐಗಳ ಲೆಕ್ಕಕ್ಕಿಂತ ಪ್ರತಿ ಜಿಐ ಹಿಂದೆ ಎಷ್ಟು ಕೈಕಸುಬುದಾರರು ಬಳಕೆದಾರರಾಗಿದ್ದಾರೆ ಎಂಬ ಲೆಕ್ಕ ನಮಗೆ ಬೇಕು.

2025ರ ಕೊಲ್ಹಾಪುರಿ ಚಪ್ಪಲಿ ಪ್ರಕರಣ ಇದನ್ನೆಲ್ಲ ಬೆಳಕಿಗೆ ತಂದಿತು. ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಅದೇ ಬಗೆಯ ಚಪ್ಪಲಿ ತೋರಿಸಿದಾಗ ಗದ್ದಲವೆದ್ದಿತು. ಈ ಜಿಐ ನಮ್ಮದೂ ಹೌದು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇದರಲ್ಲಿವೆ. ಮಾಲೀಕತ್ವ ಅಲ್ಲಿನ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳದು. ಬಾಂಬೆ ಹೈಕೋರ್ಟಿನಲ್ಲಿ ವಕೀಲರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಹಕ್ಕು ಯಾರದೋ ಅವರೇ ಬರಬೇಕು ಎಂಬುದು ಕಾರಣ. ಇನ್ನೆರಡು ಮಿತಿಗಳನ್ನೂ ಮರೆಯುವಂತಿಲ್ಲ. ಭಾರತದ ಜಿಐ ಇಟಲಿಯಲ್ಲಿ ನಡೆಯುವುದಿಲ್ಲ. ಜೊತೆಗೆ ಅದು ಕಾಯುವುದು ಹೆಸರನ್ನು, ವಿನ್ಯಾಸವನ್ನಲ್ಲ. ಹೆಸರೇ ಹೇಳದೆ ಆಕಾರ ಎತ್ತಿಕೊಂಡರೆ ಈ ಕಾಯ್ದೆ ಹೆಚ್ಚೇನೂ ಮಾಡಲಾರದು.

ಇನ್ನು ದಾವಣಗೆರೆ ಬೆಣ್ಣೆ ದೋಸೆ. ಅದಕ್ಕೂ ಜಿಐ ಸಿಗಬಹುದೇ? ತಿಂಡಿಗೆ ಜಿಐ ಸಿಗುವುದಿಲ್ಲ ಎನ್ನುವುದು ತಪ್ಪು. ಧಾರವಾಡ ಪೇಡ, ತಿರುಪತಿ ಲಡ್ಡು ಎರಡಕ್ಕೂ ಇದೆ. ಆದರೆ ಪೇಡ ಡಬ್ಬಿಯಲ್ಲಿ ಊರು ಬಿಟ್ಟು ಹೋಗುತ್ತದೆ, ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬರುತ್ತದೆ. ತಯಾರಿಕೆ ಅದೇ ಪ್ರದೇಶದಲ್ಲಿ ನಡೆಯಬೇಕೆಂಬ ಷರತ್ತು ಹಾಕಿದರೆ ಬೆಂಗಳೂರಿನಲ್ಲಿ ಹುಯ್ದ ದೋಸೆ ‘ದಾವಣಗೆರೆ ಬೆಣ್ಣೆ ದೋಸೆ’ ಆಗುವುದಿಲ್ಲ, ಅದನ್ನು ಹುಯ್ಯುವವರು ದಾವಣಗೆರೆಯಿಂದಲೇ ಹೋದವರಾಗಿದ್ದರೂ. ಹೆಸರನ್ನು ನಾಡಿನ ತುಂಬ ಕೊಂಡೊಯ್ದವರೇ ಹೊರಗುಳಿಯುತ್ತಾರೆ. ಹಿಟ್ಟಿಗೆ ಎಷ್ಟು ಅಕ್ಕಿಗೆ ಎಷ್ಟು ಉದ್ದು, ಮಂಡಕ್ಕಿ ಬೀಳಬೇಕೋ ಬೇಡವೋ, ಬೆಣ್ಣೆ ಎಲ್ಲಿಯದು ಎನ್ನುವುದರಲ್ಲಿ ಹೋಟೆಲಿನವರು ಮೊದಲು ಒಮ್ಮತಕ್ಕೆ ಬರಬೇಕು. ಹೆಸರು ಬರೀ ಒಂದು ಬಗೆಯ ದೋಸೆಯ ಸಾಮಾನ್ಯ ಹೆಸರಾಗಿಬಿಟ್ಟಿದೆ ಎಂದು ಯಾರಾದರೂ ಸಾಧಿಸಿದರೆ ಸೆಕ್ಷನ್ 9 ನೋಂದಣಿಯನ್ನೇ ತಡೆಯುತ್ತದೆ. ನನ್ನನ್ನು ಕೇಳಿದರೆ, ಚನ್ನಗಿರಿ, ಭೀಮಸಮುದ್ರದ ಅಡಿಕೆಗೆ ಈ ದಾರಿ ದೋಸೆಗಿಂತ ಹಸನಾಗಿದೆ. ಶಿರಸಿ ಸುಪಾರಿ ಈಗಾಗಲೇ ಅದೇ ದಾರಿಯಲ್ಲಿ ನಡೆದು ಜಿಐ ಪಡೆದಿದೆ.

ಅರ್ಜಿ ಒಪ್ಪಿತವಾದರೆ ಜಿಐ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಕ್ಷೇಪಣೆಗೆ ಮೂರು ತಿಂಗಳು, ಕೇಳಿದರೆ ಇನ್ನೊಂದು ತಿಂಗಳು. ನೋಂದಣಿಯ ಆಯುಸ್ಸು 10 ವರ್ಷ, ನವೀಕರಿಸುತ್ತಾ ಹೋಗಬಹುದು. ಬಳಕೆದಾರರೂ ತಮ್ಮ ನೋಂದಣಿಯನ್ನು ನವೀಕರಿಸಬೇಕು. ಬಳಕೆದಾರ ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಹೋಗುತ್ತದೆ.

ನಕಲು ಕಂಡರೆ ಮೊದಲು ಬಿಲ್ ಸಮೇತ ಒಂದು ಸೀರೆ ಕೊಳ್ಳಿ. ಬಿಲ್ಲಿನಲ್ಲಿ ‘ಮೊಳಕಾಲ್ಮೂರು’ ಎಂದು ಬರೆಸಿಕೊಳ್ಳದಿದ್ದರೆ, ಅಂಗಡಿಯವರು ಆ ಹೆಸರು ಹೇಳಿ ಮಾರಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಸಿವಿಲ್ ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯದಲ್ಲಿ, ಅದಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಅಲ್ಲ. ಕ್ರಿಮಿನಲ್ ದೂರಿಗೆ ಶಿಕ್ಷೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವಾರಂಟ್ ಇಲ್ಲದೆ ಜಪ್ತಿ ಮಾಡುವ ಅಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು, ಅವರೂ ಮೊದಲು ಚೆನ್ನೈಯ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಆ ಅಭಿಪ್ರಾಯ ಬರುವ ಹೊತ್ತಿಗೆ ಮಾಲು ಅಂಗಡಿಯಿಂದ ಜಾಗ ಖಾಲಿ ಮಾಡಿರಬಹುದು. ಅದಕ್ಕೇ ದೂರಿನ ಜೊತೆಗೆ ನೋಂದಣಿ ಪ್ರಮಾಣಪತ್ರ, ಬಳಕೆದಾರರ ಪ್ರಮಾಣಪತ್ರ, ಅಂಚಿನ ಸಂಧಿಯ ಎರಡೂ ಮಗ್ಗುಲಿನ ಫೋಟೊ ಎಲ್ಲವನ್ನೂ ಮೊದಲ ದಿನವೇ ಕೊಡಿ.