ಈ ನರ್ಸಿಂಗ್ ಹೋಮ್ ನಿಜವಾಗಿ ಯಾರದ್ದು? ಅಮೆರಿಕದ ಮಾಲೀಕತ್ವ ನಿಯಮಗಳ ಟಿಪ್ಪಣಿ

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಸೇರುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ವಯಸ್ಸಾದವರು, ಎದ್ದು ಓಡಾಡಲಾಗದವರು ಇರುವ ಆರೈಕೆ ಕೇಂದ್ರ. ಕೆಲವರು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಇಂಥವು ಹತ್ತಿರಹತ್ತಿರ 15,000 ಇವೆ. ಖರ್ಚಿನ ದೊಡ್ಡ ಪಾಲು ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಆರೋಗ್ಯ ವಿಮೆ), ಮೆಡಿಕೇಡ್ (ಕಡಿಮೆ ಆದಾಯದವರದ್ದು) ಮೂಲಕ ಸರ್ಕಾರವೇ ಕೊಡುತ್ತದೆ. ಆ ದುಡ್ಡು ಕೊನೆಗೆ ಯಾರ ಕೈ ಸೇರುತ್ತದೆ ಅಂತ ತಿಳಿಯುವ ಹಕ್ಕು ಸರ್ಕಾರಕ್ಕಿದೆ. ಅಲ್ಲಿ ಮಲಗಿರುವ ಅಜ್ಜಿಯ ಮಕ್ಕಳಿಗೂ ಇದೆ ಅಂತಲೇ ನಾನು ನಂಬುತ್ತೇನೆ.

ಲೈಸೆನ್ಸ್ ಮೇಲೆ ಹೆಸರು ಇದ್ದೇ ಇರುತ್ತದಲ್ಲ, ಮತ್ತೇನು ಬೇಕು? ತೊಡಕು ಇರುವುದು ಇಲ್ಲೇ. ಎಷ್ಟೋ ಕಡೆ ಲೈಸೆನ್ಸ್ ಒಂದು ಕಂಪನಿಯದ್ದು, ಕಟ್ಟಡ ಇನ್ನೊಂದರದ್ದು, ಆಡಳಿತ ನೋಡಿಕೊಳ್ಳುವುದು ಮೂರನೆಯದು. ಮೂರರ ಹಿಂದೆಯೂ ಅದೇ ಜನ ಇರಬಹುದು. ಲೈಸೆನ್ಸ್ ಇರುವ ಕಂಪನಿ ಬಾಡಿಗೆ, ಆಡಳಿತ ಶುಲ್ಕ ಅಂತ ದುಡ್ಡು ಆ ಕಡೆಗೆ ಕೊಡುತ್ತಾ ಹೋದರೆ ಲೆಕ್ಕದಲ್ಲಿ ನಷ್ಟ ಕಾಣುತ್ತದೆ. "ನರ್ಸ್‌ಗಳನ್ನು ಜಾಸ್ತಿ ಇಟ್ಟುಕೊಳ್ಳಲು ದುಡ್ಡಿಲ್ಲ" ಎನ್ನುವ ಮಾತು ನಿಜವೋ ಅಲ್ಲವೋ ತಿಳಿಯಬೇಕಾದರೆ ಮೂರೂ ಕಂಪನಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಈಗ ಪಾಲಿನ ಲೆಕ್ಕ. ಶೇ. 5 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರ ಹೆಸರನ್ನು ನರ್ಸಿಂಗ್ ಹೋಮ್ ಸರ್ಕಾರಕ್ಕೆ ಹೇಳಲೇಬೇಕು. ಪಾಲು ನೇರವಾಗಿದ್ದರೂ ಸರಿ, ಬೇರೆ ಕಂಪನಿಯ ಮೂಲಕ ಇದ್ದರೂ ಸರಿ. ಬೇರೆ ಕಂಪನಿಯ ಮೂಲಕ ಇದ್ದರೆ ಗುಣಿಸಬೇಕು. ಒಬ್ಬರಿಗೆ ಒಂದು ಕಂಪನಿಯಲ್ಲಿ ಶೇ. 10 ಷೇರು ಇದೆ, ಆ ಕಂಪನಿಗೆ ನರ್ಸಿಂಗ್ ಹೋಮಿನಲ್ಲಿ ಶೇ. 80 ಇದೆ ಅಂದುಕೊಳ್ಳಿ. ಅವರ ಪಾಲು ಶೇ. 8, ಹೇಳಬೇಕು. ತಿರುಗಿಸಿ ನೋಡಿ: ಕಂಪನಿಯಲ್ಲಿ ಶೇ. 80, ಆದರೆ ಆ ಕಂಪನಿಗೆ ಹೋಮಿನಲ್ಲಿ ಬರೀ ಶೇ. 5. ಸಿಗುವುದು ಶೇ. 4, ಹೇಳಬೇಕಿಲ್ಲ. ಮೂರು ಮೆಟ್ಟಿಲಿದ್ದರೂ ಹೀಗೇ. ಶೇ. 40, ಶೇ. 50, ಶೇ. 30 ಗುಣಿಸಿದರೆ ಶೇ. 6. ನಾನು ಮೊದಲ ಸಲ ಎರಡನೇ ಮೆಟ್ಟಿಲಿಗೇ ನಿಲ್ಲಿಸಿ ತಪ್ಪು ಮಾಡಿದ್ದೆ. ನೀವು ಸುಮ್ನೆ ಯಾರಿಗೆ ಯಾವುದರಲ್ಲಿ ಎಷ್ಟು ಪಾಲು ಅಂತ ವಂಶವೃಕ್ಷದ ಥರ ಒಂದು ಮರದ ಚಿತ್ರ ಬರೆದುಕೊಳ್ಳಿ, ತಪ್ಪಾಗುವುದಿಲ್ಲ.

ಪಾಲು ಇಲ್ಲದವರೂ ಪಟ್ಟಿಯಲ್ಲಿ ಬರುತ್ತಾರೆ. ಆಡಳಿತ ಮಂಡಳಿಯ ಸದಸ್ಯರು, ನಿರ್ದೇಶಕರು, ದಿನನಿತ್ಯದ ಆಡಳಿತ ನಡೆಸುವ ಮ್ಯಾನೇಜರ್ ಎಲ್ಲರೂ. 2010ರ ಆರೋಗ್ಯ ಸುಧಾರಣಾ ಕಾನೂನು ಅಫೋರ್ಡಬಲ್ ಕೇರ್ ಆಕ್ಟ್‌ನ 6101ನೇ ಸೆಕ್ಷನ್ ಇನ್ನೊಂದು ಗುಂಪನ್ನೂ ಸೇರಿಸಿತು: ಹಣಕಾಸು ಅಥವಾ ಆಡಳಿತದ ಹಿಡಿತ ಇರುವವರು, ಜಾಗ ಬಾಡಿಗೆಗೆ ಕೊಟ್ಟವರು, ಆಡಳಿತ, ಚಿಕಿತ್ಸಾ ಸಲಹೆ, ಲೆಕ್ಕಪತ್ರದ ಸೇವೆ ಕೊಡುವವರು. ಇಡೀ ಕಾನೂನಿನ ಜೀವ ಇರುವುದು ಈ ಸಾಲಿನಲ್ಲೇ ಅಂತ ನನಗನ್ನಿಸುತ್ತದೆ. ಆ ಗುಂಪಿನಲ್ಲಿರುವ ಸಂಸ್ಥೆಗಳ ಒಳರಚನೆಯನ್ನೂ ಹೇಳಬೇಕು. ಎಚ್ಚರ: ಆ ಸಂಸ್ಥೆ ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಆಗಿದ್ದರೆ ಅದರ ಲಿಮಿಟೆಡ್ ಪಾರ್ಟ್‌ನರ್‌ಗಳಿಗೆ (ದುಡ್ಡು ಹಾಕಿ, ಆಡಳಿತಕ್ಕೆ ಕೈ ಹಾಕದ ಪಾಲುದಾರರಿಗೆ) ಮಿತಿ ಶೇ. 5 ಅಲ್ಲ, ಶೇ. 10.

ಕಾನೂನು ಬಂದರೂ ಅದರ ಅಂತಿಮ ನಿಯಮ ಬಂದದ್ದು 2023ರ ನವೆಂಬರ್‌ನಲ್ಲಿ. 13 ವರ್ಷ! ಅಷ್ಟರಲ್ಲಿ ಎಷ್ಟು ಹೋಮ್‌ಗಳು ಕೈ ಬದಲಾದವೋ. ಪ್ರೈವೇಟ್ ಈಕ್ವಿಟಿ ಕಂಪನಿ (ಹೂಡಿಕೆದಾರರ ದುಡ್ಡಿನಲ್ಲಿ ಕಂಪನಿಗಳನ್ನು ಕೊಂಡು ಮಾರುವಂಥದ್ದು) ಯಾವುದು, ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್ (ಕಟ್ಟಡ, ಜಾಗಗಳಲ್ಲಿ ಹಣ ಹೂಡುವಂಥದ್ದು) ಯಾವುದು ಅಂತ ಬಿಡಿಸಿ ಹೇಳಬೇಕು ಎಂದದ್ದೂ ಇದೇ ನಿಯಮ. ಇದಕ್ಕೆಂದು ಮೆಡಿಕೇರ್‌ಗೆ ನೋಂದಾಯಿಸಿಕೊಳ್ಳುವ 855ಎ ಫಾರ್ಮ್‌ಗೆ 2024ರ ಅಕ್ಟೋಬರ್‌ನಲ್ಲಿ ಹೊಸ ಅನುಬಂಧ ಸೇರಿತು. ಎಲ್ಲರೂ ಅದನ್ನು ತುಂಬಿ ಕೊಡಬೇಕಾದ ಗಡುವು ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು.

ಮೆಡಿಕೇರ್, ಮೆಡಿಕೇಡ್ ನೋಡಿಕೊಳ್ಳುವ ಸಿಎಂಎಸ್ ಎಂಬ ಅಮೆರಿಕದ ಕೇಂದ್ರ ಇಲಾಖೆ 2022ರಿಂದ ಎಲ್ಲ ಹೋಮ್‌ಗಳ ಮಾಲೀಕರ ಮಾಹಿತಿಯನ್ನು ಉಚಿತವಾಗಿ ಪ್ರಕಟಿಸುತ್ತಿದೆ. ಒಮ್ಮೆ ತೆರೆದು ನೋಡಿ. ಹೆಸರು, ಪಾತ್ರ, ಶೇಕಡಾವಾರು ಪಾಲು, ಯಾವಾಗಿನಿಂದ ಎಂಬ ಕಾಲಮ್‌ಗಳಿರುತ್ತವೆ. ಪಾಲಿನ ಜಾಗದಲ್ಲಿ ಕೆಲವೊಮ್ಮೆ "ಶೇಕಡಾವಾರು ಕೊಟ್ಟಿಲ್ಲ" ಅಂತಷ್ಟೇ ಇರುತ್ತದೆ. ಅಂಥ ಒಂದು ಸಾಲು ಹಿಡಿದು, ಅದೇ ಹೆಸರು ಇನ್ನೆಷ್ಟು ಹೋಮ್‌ಗಳಲ್ಲಿದೆ ಅಂತ ಹುಡುಕಿ, ಮರ ಬರೆಯಲು ಶುರುಮಾಡಿ.