ಪರಿಚಯವಿಲ್ಲದವರ ಜೊತೆ ಗುಡ್ಡ ಹತ್ತಲು ಒಬ್ಬಳೇ ಹೋಗಬಹುದೇ?

ಪ್ರಶ್ನೆ: ನಾನು ಉಡುಪಿಯಲ್ಲಿ ಕೆಲಸದಲ್ಲಿದ್ದೇನೆ. ಕುಮಾರ ಪರ್ವತ ಹತ್ತಬೇಕೆಂಬುದು ಬಹಳ ದಿನದ ಆಸೆ. ಗೆಳತಿಯರು ಪ್ರತಿ ಸಲವೂ ಬರುತ್ತೇವೆಂದು ಹೇಳಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತಾರೆ. ಮಂಗಳೂರಿನಿಂದ ಹೊರಡುವ ಚಾರಣ ತಂಡವೊಂದಕ್ಕೆ ಒಬ್ಬಳೇ ಸೇರಿಕೊಳ್ಳಬಹುದೇ? ನಿಧಾನವಾಗಿ ನಡೆಯುವವಳು ನಾನು, ಉಳಿದವರಿಗೆ ಹೊರೆಯಾದರೆ ಎಂಬ ಹೆದರಿಕೆಯೂ ಇದೆ.

ಉತ್ತರ: ಸೇರಿಕೊಳ್ಳಬಹುದು. ಮಳೆ ಕಡಿಮೆಯಾಗಿ ನವರಾತ್ರಿ ಕಳೆಯುವ ಹೊತ್ತಿಗೆ ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಹೆಚ್ಚಿನವರಿಗೆ ಇರುವ ಅಂಜಿಕೆ ಅಪರಿಚಿತರದ್ದು. ಆದರೆ ನಿಮ್ಮ ಪತ್ರದ ಕೊನೆಯ ಸಾಲೇ ನನಗೆ ಮುಖ್ಯವೆನಿಸಿತು. ತಂಡಕ್ಕೆ ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು?

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಬೆಳ್ತಂಗಡಿ ತಾಲೂಕಿನ ಬಂಡಾಜೆ ಅರ್ಬಿಯ ಮೇಲೆ. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ. ಅದರ ನೆತ್ತಿಯಿಂದ ಬಲ್ಲಾಳರಾಯನ ದುರ್ಗದ ಕಡೆಗೆ ಹುಲ್ಲುಗಾವಲು ಹಬ್ಬಿದೆ. ನಾನೂ ಅಂದು ಯಾರ ಪರಿಚಯವೂ ಇಲ್ಲದೆ ತಂಡ ಸೇರಿದ್ದೆ. ಮುಂದಾಳು ಬಿರುಸಿನ ನಡಿಗೆಯವನು, ಅವನ ಬೆನ್ನಿಗೆ ಕಾಲೇಜು ಹುಡುಗರು. ಹಿಂದೆ ಉಳಿದವರು ನಾನು ಮತ್ತು ನಿವೃತ್ತ ಶಿಕ್ಷಕಿಯೊಬ್ಬರು. ಮಂಜು ಇಳಿಯಿತು, ಕಾಲುದಾರಿ ಎರಡಾಯಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಶಿಕ್ಷಕಿ ಅಲ್ಲಿದ್ದ ಕಲ್ಲಿನ ಮೇಲೆ ಕುಳಿತು, "ಇಲ್ಲಿಂದ ಒಂದು ಹೆಜ್ಜೆ ಇಡುವುದು ಬೇಡ" ಎಂದರು. ಬೈರಾಸು ತಲೆಗೆ ಸುತ್ತಿಕೊಂಡು, ಅವರ ಡಬ್ಬಿಯ ಅವಲಕ್ಕಿ ತಿನ್ನುತ್ತಾ ಮುಕ್ಕಾಲು ಗಂಟೆ ಕೂತೆವು. ಕೊನೆಗೆ ಹುಡುಗನೊಬ್ಬ ಕೂಗುತ್ತಾ ವಾಪಸು ಬಂದ. ಅವರು ಹಾಗೆ ಕೂರದಿದ್ದರೆ ನಾನು ತಪ್ಪು ದಾರಿ ಹಿಡಿಯುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ತಂಡದ ಕೊನೆಯಲ್ಲಿ ದಾರಿ ಬಲ್ಲ ಒಬ್ಬರು ಇದ್ದಾರೆಂದರೆ ನಿಧಾನ ನಡೆಯುವವರು ಯಾರಿಗೂ ಹೊರೆಯಲ್ಲ, ಅವರ ವೇಗವೇ ಆ ದಿನದ ಲೆಕ್ಕಾಚಾರದಲ್ಲಿ ಸೇರಿರುತ್ತದೆ. ನನ್ನ ಪ್ರಶ್ನೆಗೆ "ಎಲ್ಲರೂ ಒಟ್ಟಿಗೇ ಇರುತ್ತೇವೆ" ಎಂಬ ಉತ್ತರ ಬಂದರೆ ನಾನು ಆ ತಂಡದೊಂದಿಗೆ ಹೋಗುವುದಿಲ್ಲ. ಹತ್ತು ಜನ ಏರು ಹತ್ತುವಾಗ ಒಟ್ಟಿಗೆ ಇರುವುದು ಆಗದ ಮಾತು.

ನಿಮ್ಮ ಕಡೆಯಿಂದಲೂ ಒಂದು ಸತ್ಯ ಬೇಕು. ಮಂಡಿ ನೋವು, ಉಬ್ಬಸ, ರಕ್ತದೊತ್ತಡದ ಮಾತ್ರೆ, ಏನಿದ್ದರೂ ಮುಂದಾಳುವಿಗೆ ಮೊದಲೇ ಹೇಳಿ. ಗೆಳತಿಯರಾಗಿದ್ದರೆ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಅಪರಿಚಿತರಿಗೆ ನೀವು ಹೇಳದೆ ಗೊತ್ತಾಗುವುದು ಹೇಗೆ?

ಕುಮಾರ ಪರ್ವತ ಸುಲಭದ್ದಲ್ಲ. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಬುಡದಲ್ಲೇ ಆದ್ದರಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಏರನ್ನು ಕಾಲಲ್ಲೇ ಹತ್ತಬೇಕು. ಮೊದಲು ಕಾಡಿನ ನೆರಳು, ಬೇರುಗಳ ಮೆಟ್ಟಿಲು. ದಾರಿ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ಬಂದಾಗ ಅರ್ಧ ಗೆದ್ದಂತೆ ಅನಿಸುತ್ತದೆ. ಅಲ್ಲಿಂದ ಮುಂದೆ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ಬಿಸಿಲು. ಕಡಲ ತೀರದವರಾದ ನಾವು ಬೆವರಿಗೆ ಒಗ್ಗಿದವರು ನಿಜ, ಏರಿಗೆ ಒಗ್ಗಿದವರಲ್ಲ. ಬರೀ ನೀರು ಸಾಲದು, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಇರಲಿ. ತುದಿಗೆ ಮೊದಲು ಸಿಗುವ ಶೇಷಪರ್ವತ ಶಿಖರ ದಾಟಿದ ಮೇಲೆ ಮತ್ತೆ ಕಾಡು, ಒದ್ದೆಯಾದರೆ ಜಾರುವ ಬಂಡೆ. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದಲೂ ಹತ್ತಬಹುದು, ಆ ದಾರಿ ಚಿಕ್ಕದು. ನಿಮ್ಮ ತಂಡ ಯಾವ ದಾರಿಯಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆಂದು ಕೇಳಿಕೊಳ್ಳಿ.

ಈ ಗುಡ್ಡ ಪುಷ್ಪಗಿರಿ ವನ್ಯಧಾಮದೊಳಗಿದೆ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲೇ ಮುಂಗಡ ಪಡೆಯಬೇಕು, ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ. ನಿಮ್ಮ ಹೆಸರಿನ ಟಿಕೆಟನ್ನು ತರಿಸಿಕೊಂಡು ಕಣ್ಣಾರೆ ನೋಡಿ. "ಅಲ್ಲಿ ಹೋಗಿ ನೋಡಿಕೊಳ್ಳೋಣ" ಎನ್ನುವ ತಂಡವನ್ನು ನಂಬಬೇಡಿ.

ಹೆಣ್ಣುಮಕ್ಕಳು ಕೇಳಲು ಹಿಂಜರಿಯುವ ಮಾತುಗಳಿವೆ, ಹಿಂಜರಿಯಬೇಡಿ. ಬೇರೆ ಮಹಿಳೆಯರು ಎಷ್ಟು ಮಂದಿ? ರಾತ್ರಿ ಉಳಿಯುವುದಿದ್ದರೆ ಕೋಣೆ ಬೇರೆಯೇ? ಬೆಳಗಿನ ಜಾವ ಮೂರಕ್ಕೆ ವಾಹನ ಹೊರಡುವುದಾದರೆ ಉಡುಪಿಯಿಂದ ಮಂಗಳೂರಿಗೆ ತಲುಪುವುದು ಹೇಗೆ? ಸರಿಯಾದ ತಂಡ ಇದಕ್ಕೆಲ್ಲ ಬೇಸರಿಸದೆ ಉತ್ತರ ಕೊಡುತ್ತದೆ. ವಾಹನದ ಸಂಖ್ಯೆ, ಮುಂದಾಳುವಿನ ಫೋನ್ ಸಂಖ್ಯೆ, ಮರಳುವ ಹೊತ್ತು ಮನೆಯವರ ಬಳಿ ಇರಲಿ.

ಮಾತುಕತೆಯ ಚಿಂತೆ ಬಿಡಿ. ಟೆಂಪೋದಲ್ಲಿ ಎಲ್ಲರೂ ಮೌನವಾಗಿ ಕಿಟಕಿ ನೋಡುತ್ತಿರುತ್ತಾರೆ. ಮೊದಲ ಉಂಬಳ ಕಾಲಿಗೆ ಹತ್ತಿದಾಗ ಒಬ್ಬರು ಉಪ್ಪು ಕೊಡುತ್ತಾರೆ, ಇನ್ನೊಬ್ಬರು ನಿಮ್ಮ ಬೆನ್ನ ಚೀಲ ಹಿಡಿದುಕೊಳ್ಳುತ್ತಾರೆ. ಪರಿಚಯ ಅಲ್ಲಿಂದ ಶುರು. ಒಬ್ಬರೇ ಹೋದವರಿಗೆ ಸುಮ್ಮನೆ ನಡೆಯುವ ಸ್ವಾತಂತ್ರ್ಯವೂ ಇದೆ, ನನಗೆ ಅದು ಬಹಳ ಇಷ್ಟ.

ಇಷ್ಟಾದರೂ ಕುಮಾರ ಪರ್ವತ ನಿಮ್ಮ ಮೊದಲ ಗುಡ್ಡವಾಗುವುದು ಬೇಡ. ಅದೇ ತಂಡದೊಂದಿಗೆ ಮೊದಲು ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹೋಗಿ ಬನ್ನಿ. ಟಿಪ್ಪು ಸುಲ್ತಾನನ ಕಾಲದ ಜಮಾಲಾಬಾದ್ ಕೋಟೆ ಅದು, ಬಂಡೆಯಲ್ಲಿ ಕಡಿದ 1800ಕ್ಕೂ ಹೆಚ್ಚು ಮೆಟ್ಟಿಲು. ಮಳೆಗಾಲದಲ್ಲಿ ಜಾರುತ್ತದೆ, ಪ್ರವೇಶ ಇದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ. ಅರ್ಧ ದಿನದಲ್ಲಿ ಮುಗಿಯುವ ಆ ಏರಿನಲ್ಲಿ ನಿಮ್ಮ ಹಿಂದೆ ಯಾರಾದರೂ ನಡೆಯುತ್ತಿದ್ದಾರೆಯೇ ಎಂದು ಆಗಾಗ ತಿರುಗಿ ನೋಡಿ. ಮೇಲೆ ತಲುಪಿದಾಗ ಬಾಟಲಿಯಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೂ ನೋಡಿ. ಕುಮಾರ ಪರ್ವತಕ್ಕೆ ಎಷ್ಟು ಹೊರಬೇಕೆಂಬ ಅಂದಾಜು ಅಲ್ಲೇ ಸಿಗುತ್ತದೆ.